ಎರಡು ದಿನ ತಡವಾದ ಕರಪತ್ರ

ಹಾಸ್ಟೆಲ್, ಕೋಣೆ ಹದಿನಾಲ್ಕು
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಿಮ್ಮ ಗಂಟಲು ಈಗ ಹೇಗಿದೆ? ಬಂದರಿನ ಮುಷ್ಕರದಲ್ಲಿ ಮೈಕಿಲ್ಲದೆ ಕೂಗಬೇಡಿ, ಬಿಸಿನೀರು ಕುಡಿಯಿರಿ. ನಾನು ಚೆನ್ನಾಗಿದ್ದೇನೆ, ಊಟ, ನಿದ್ದೆ, ಅಟೆಂಡೆನ್ಸ್ ಮೂರೂ ಸ್ವಲ್ಪ ಶಾರ್ಟೇಜ್, ಅಷ್ಟೇ. ಕಾಗುಣಿತ ತಪ್ಪಿದ್ದರೆ ಬೈಯಬೇಡಿ, ಚಿಕ್ಕಂದಿನಲ್ಲೇ ಹಾಸ್ಟೆಲಿಗೆ ಹಾಕಿದವರು ನೀವೇ.

ಶುಕ್ರವಾರ ಇಲ್ಲಿನ ಚೌಕದಲ್ಲಿ ನೀವು ಮಾತಾಡಬೇಕೆಂದು ನಿಮ್ಮ ಕಾರ್ಮಿಕ ಸಂಘದ ಕಮಿಟಿ ತೀರ್ಮಾನಿಸಿದೆಯಂತೆ. ನೀವು ಹೊರಡುವ ಮುಂಚೆ ಇಲ್ಲಿ ಆಗಿದ್ದನ್ನು ಹೇಳಿಬಿಡುತ್ತೇನೆ. ಬಸ್ ದರ ಏರಿದ ದಿನವೇ ಜನ ಬೀದಿಗಿಳಿದರು. ಯಾರೂ ಕರೆದಿರಲಿಲ್ಲ. ನರ್ಸುಗಳು, ಡ್ರೈವರುಗಳು, ನಮ್ಮ ಕ್ಲಾಸಿನ ಅರ್ಧ ಜನ. ನೀವು ಇಷ್ಟು ವರ್ಷ ಕಾದಿದ್ದು ಇದಕ್ಕೇ ಅಲ್ಲವಾ ಎಂದುಕೊಂಡು ಸಂಘದ ಆಫೀಸಿಗೆ ಓಡಿದೆ. ಅಲ್ಲಿ ಕರಪತ್ರದ ಕೆಲಸ ನಡೆದಿತ್ತು. ನಿಮ್ಮದೇ ನಿಯಮ: ಮೂವರು ಗಟ್ಟಿಯಾಗಿ ಓದಿ ಸಹಿ ಹಾಕದೆ ಅಚ್ಚಿಗೆ ಹೋಗಬಾರದು. ಮೂವರೂ ಮೂರು ದಿನ ಓದಿದರು. "ಆತುರ ಬೇಡಮ್ಮಾ, ಜನ ಎಲ್ಲಿಗ್ ಹೋಗ್ತಾರೆ?" ಎಂದರು ಖಜಾಂಚಿ ಮಾವ. ಅಷ್ಟರಲ್ಲಿ ಸರ್ಕಾರ ದರ ಇಳಿಸಿಯೇಬಿಟ್ಟಿತು. ಕರಪತ್ರ ಬದಲಿಸಿ ಎಂದು ಹೇಳಿದೆ, ಸಹಿ ಬಿದ್ದದ್ದನ್ನು ತಿದ್ದಲು ಮತ್ತೆ ಮೂವರೂ ಕೂರಬೇಕಂತೆ. ಎರಡು ದಿನ ಕಳೆದ ಮೇಲೆ ಬಂಡಲ್ ಹೊತ್ತು ಹೋಗಿ, 'ದರ ಏರಿಕೆ ಕೂಡಲೇ ಹಿಂತೆಗೆಯಿರಿ' ಎಂಬ ಕಾಗದ ಹಂಚಿದೆವು. "ಕೊಡು ತಾಯಿ, ಹಣ್ಣು ಕಟ್ಟೋಕಾದ್ರೂ ಆಗುತ್ತೆ" ಎಂದಳು ಹಣ್ಣಿನ ಗಾಡಿಯ ಅಜ್ಜಿ.

ದರ ಇಳಿದರೂ ಜನ ಕದಲಿರಲಿಲ್ಲ, ಸಿಟ್ಟು ಹಾಗೇ ಇತ್ತು. ಅದಕ್ಕೆ ಹೇಳುವ ಮಾತು ನಮ್ಮ ಹತ್ತಿರ ಇರಲಿಲ್ಲ, ಬೇರೆಯವರ ಹತ್ತಿರ ಇತ್ತು. ಚೌಕದಲ್ಲಿ ವೇದಿಕೆ ಅಂದರೆ ನಮ್ಮಣ್ಣನ ಲಾರಿ. ಮೈಕೂ ಅವನ ಕೈಯಲ್ಲೇ. ಯಾರೋ ಹತ್ತಿ, "ಹೊರಗಿನವರನ್ನ ಓಡ್ಸಿ, ಕೆಲಸ ತಾನಾಗೇ ಸಿಗುತ್ತೆ" ಎಂದ. ಅದೇ ನರ್ಸುಗಳು, ಅದೇ ಡ್ರೈವರುಗಳು ಚಪ್ಪಾಳೆ ತಟ್ಟಿದರು. ಅಣ್ಣನೂ. ಅವನ ಜೊತೆ ಜಗಳಕ್ಕೆ ಹೋದೆ. "ಇಲ್ಲಿ ಯಾವ ಬಾವುಟಾನೂ ಬೇಡ ಪುಟ್ಟಿ, ಯಾರ್ ಬೇಕಾದ್ರೂ ಮಾತಾಡ್ಲಿ. ನಿಮ್ಮೋರು ಮೂರು ಸಹಿ ಹಾಕಿಸ್ಕೊಂಡ್ ಬರ್ಲಿ" ಎಂದ. ಸುತ್ತಲಿನವರ ಜೊತೆ ನನಗೂ ನಗು ಬಂತು, ಸಾರಿ ಅಪ್ಪಾ. ಆಮೇಲೆ ಆ ಗುಂಪಿನಲ್ಲಿ ನಿಲ್ಲಲೂ ಆಗಲಿಲ್ಲ, ಬಿಟ್ಟು ಬರಲೂ ಆಗಲಿಲ್ಲ.

ಬಂದರಿನ ಮಾವಂದಿರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಟೆನ್ಷನ್ ಪುಟ್ಟಿ

ಅಂಚೆಗೆ ಹಾಕುವ ಮುಂಚೆ: ನೀವು ಬರುವ ಸುದ್ದಿ ಅಣ್ಣನಿಗೆ ಗೊತ್ತಾಗಿದೆ. ನಿನ್ನೆ ಹಾಸ್ಟೆಲ್ ಗೇಟಿಗೆ ಬಂದು, "ಅಪ್ಪ ಲಾರಿ ಹತ್ತಿದ್ರೆ ಜನ ಮಾತಾಡೋಕೆ ಬಿಡಲ್ಲ, ಎಳೆದು ಹಾಕ್ತಾರೆ ಕಣೇ. ನಾನೇ ಇಳಿಸ್ತೀನಿ, ಬೇರೆಯವರು ಅವರ ಮೈ ಮುಟ್ಟೋಕೆ ಬಿಡಲ್ಲ" ಎಂದು ಹೇಳಿ ಅತ್ತುಬಿಟ್ಟ. ಬರಬೇಡಿ ಎಂದು ಬರೆಯಲೆಂದೇ ಕೂತೆ ಅಪ್ಪಾ. ಆದರೆ ಆ ಮೈಕಿನ ಮುಂದೆ ಇನ್ನಾರನ್ನು ಕಳಿಸಲಿ?