ಕವಿಗಳ ಖಾಲಿ ತಟ್ಟೆ

ಕವಿಮನೆಯ ಮೇಲ್ವಿಚಾರಕರಿಗೆ ನಮಸ್ಕಾರ.

ಭಾನುವಾರ, ನೋಡಲು ಬಂದವರನ್ನು ತಡೆಯಲು ನೀವು ಕಟ್ಟಿದ ಹಗ್ಗ ದಾಟಿ ಒಳಗೆ ನುಗ್ಗಿದ ಮುದುಕಿಯ ಮಗಳು ನಾನು. ನಿಮ್ಮ ಕಾವಲುಗಾರರು ರೇಗಿದ್ದರಲ್ಲಿ ತಪ್ಪಿಲ್ಲ. ಅಮ್ಮ ಆ ಮನೆಯಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವಳು. ಈಗ ಅವಳಿಗೆ ನನ್ನ ಹೆಸರೂ ನೆನಪಿಲ್ಲ. ಹಳೆಯ ಮನೆ ನೋಡಿದರೆ ಖುಷಿಪಟ್ಟಾಳು ಎಂದು ಕರೆತಂದದ್ದು ನನ್ನ ಬುದ್ಧಿಗೇಡಿತನ.

ಊಟದ ಮೇಜಿನ ಮೇಲೆ ನೀವು ಕವಿಗಳ ತಟ್ಟೆಯನ್ನು ಖಾಲಿ ಇಟ್ಟಿದ್ದೀರಿ. ಅದನ್ನು ನೋಡಿ ಬಂದಾಗಿನಿಂದ ಅಮ್ಮ ಒಂದು ತುತ್ತೂ ಮುಟ್ಟಿಲ್ಲ.

"ಅವರದಿನ್ನೂ ಊಟ ಆಗಿಲ್ಲ ಕಣೇ, ನಾನು ಹೇಗೆ ತಿನ್ಲಿ?" ಎನ್ನುತ್ತಾಳೆ.

ಅವರಿಗಿಂತ ಮೊದಲು ಅವಳು ಒಂದು ದಿನವೂ ಉಂಡವಳಲ್ಲ. ಅವರು ತೀರಿಹೋಗಿ ವರ್ಷಗಳಾದವು ಎಂದೆ. ಕೆನ್ನೆಗೆ ಹೊಡೆದಳು. ಇವತ್ತಿಗೆ ನಾಲ್ಕು ದಿನ. ಬರೀ ಗುಟುಕು ನೀರಿನ ಮೇಲಿದ್ದಾಳೆ.

ನನಗೆ ಬೇರೇನೂ ಬೇಡ. ನಾಳೆ ಬೆಳಿಗ್ಗೆ ಹತ್ತೇ ನಿಮಿಷ, ಆ ತಟ್ಟೆಯನ್ನು ತೊಳೆದು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿಡಿ. ಒರೆಸಬೇಡಿ, ನೀರು ಇಳಿಯುತ್ತಿರಲಿ. ನನ್ನ ಮಾತು ನಂಬದವಳು ಅದನ್ನು ನಂಬುತ್ತಾಳೆ.

ಈ ಪತ್ರವನ್ನು ಗೇಟಿನಲ್ಲಿ ಕೊಟ್ಟು ಹೋಗುತ್ತಿದ್ದೇನೆ. ನಾಳೆ ಅಮ್ಮನನ್ನು ಎತ್ತಿಕೊಂಡು ಅಲ್ಲೇ ಕಾದಿರುತ್ತೇನೆ. ಡಬ್ಬಿಯಲ್ಲಿ ಅವಳ ಊಟ ಇರುತ್ತದೆ. ಆರುವ ಮೊದಲು ಬಾಗಿಲು ತೆಗೆಯಿರಿ.

ಇಂತಿ,
ಆ ಮನೆಯ ಅಡುಗೆಯವಳ ಮಗಳು