ಮೂರನೆಯ ಮಹಡಿಯ ಹಾಡು

ಅಕ್ಟೋಬರ್ 7, ಮಂಗಳವಾರ. ಬೆಳಿಗ್ಗೆ 6.20

ಡಬ್ಬಿಗೆ ಚಪಾತಿ, ಆಲೂಗಡ್ಡೆ ಪಲ್ಯ. ತರಗತಿಗೆ ಗಾಡಿಯಲ್ಲಿ ಬರುವ ಶಾಲೆಯ ಊಟದಲ್ಲಿ ಇವತ್ತು ಮೀನು — ತಿಂಗಳ ಪಟ್ಟಿ ಫ್ರಿಜ್ ಮೇಲಿದೆ. ಸಸ್ಯಾಹಾರಿ ಮಗುವಿಗೆ ಮನೆಯ ಡಬ್ಬಿ ತರಲು ಬಿಡಿ ಎಂದು ಜಪಾನಿನ ಈ ವಾಕೋ ಊರಿನ ಶಾಲೆಗೆ ನಾಲ್ಕು ಪತ್ರ ಬರೆದಿದ್ದೆ. ನಾಲ್ಕರ ಪ್ರತಿಯೂ ಇದೆ.

ಮಗಳು ಅಪೂರ್ವ ಬಚ್ಚಲಲ್ಲಿ ಹಾಡುತ್ತಿದ್ದಾಳೆ. ಮತ್ತೆ ಅದೇ ಬಗೆಯ ಜಪಾನಿ ಹಾಡು. ಸೆಂಪಾಯ್... ಸೆಂಪಾಯ್... ಶಾಲೆಯಲ್ಲಿ ಒಂದೆರಡು ವರ್ಷ ಮುಂದಿರುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಹದಿನೆಂಟು ವರ್ಷದಿಂದ ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳುವಾಗೆಲ್ಲ ಇಂಥವು ಕಿವಿಗೆ ಬಿದ್ದಿವೆ. ಹುಡುಗಿ ನೋಡುತ್ತಾಳೆ, ಹುಡುಗ ನೋಡುವುದಿಲ್ಲ. ಶೂ ಇಡುವ ಗೂಡು. ಕಾರಿಡಾರ್. ಮಾರ್ಚ್ ತಿಂಗಳ ಬೀಳ್ಕೊಡುಗೆಯ ದಿನ ಅವನ ಕೋಟಿನ ಎರಡನೆಯ ಗುಂಡಿಯನ್ನು, ಎದೆಗೆ ಹತ್ತಿರದ್ದನ್ನು, ಕೇಳಿ ಪಡೆಯಬೇಕು; ಬಾಯಿ ಬರದೆ ಮನೆಗೆ ಮರಳುತ್ತಾಳೆ. ಅಷ್ಟೇ. ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ.

ಮೊದಲು ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಅಕ್ಟೋಬರ್ 12, ಭಾನುವಾರ

ಕನ್ನಡ ಸಂಘದ ಕಾರ್ಯದರ್ಶಿ ಉಮಾಶಂಕರ್ ಫೋನು. ರಾಜ್ಯೋತ್ಸವಕ್ಕೆ ಅಪೂರ್ವ ಹೆಸರು ಕೊಟ್ಟಿದ್ದಾಳೆ — ತಾನೇ ಕೀಬೋರ್ಡ್ ನುಡಿಸಿ ಹಾಡುತ್ತಾಳಂತೆ. ನನಗೇ ಹೇಳಿರಲಿಲ್ಲ.

"ಮೇಡಂ, ಜಪಾನೀಸ್ ಸಾಂಗ್ ಅಂದ್ರೆ ಓಕೆ. ಹೂವು, ಹಕ್ಕಿ, ಏನೋ ಒಂದು. ಆದ್ರೆ ಇದು ಸೆಂಪಾಯ್ ಸಾಂಗಂತಲ್ಲ! ಲವ್ವು! ಹದಿನಾಲ್ಕ್ ವರ್ಷದ ಮಗು. ಭುವನೇಶ್ವರಿ ಫೋಟೋ ಮುಂದೆ..."

"ಆ ಫೋಟೋ ಮುಂದೇನೇ ಅಲ್ವಾ ಉಮಾಶಂಕರ್ ಅವ್ರೇ, 2019ರಲ್ಲಿ ನೀವು ಕಪ್ಪು ಕನ್ನಡಕ ಹಾಕ್ಕೊಂಡು, ಮಂಡಿ ಊರಿ ಡ್ಯೂಯೆಟ್ ಹಾಡಿದ್ದು?"

"ಅದು ಫಿಲಂ ಸಾಂಗ್ ಮೇಡಂ. ಬೇರೆ."

"ಎರಡನೇ ಚರಣದಲ್ಲಿ ತಾಳ ತಪ್ಪಿದ್ರಿ."

"ಸರಿ, ರೂಲ್ಸ್ ಪ್ರಕಾರ ಹೋಗೋಣ. ಬೇರೆ ಭಾಷೆ ಹಾಡಾದ್ರೆ ಕನ್ನಡದಲ್ಲಿ ಅರ್ಥ ಮೊದ್ಲೇ ಕೊಡ್ಬೇಕು. ಕಮಿಟಿ ಡಿಸೈಡ್ ಮಾಡುತ್ತೆ."

ಆ ನಿಯಮ ಬರೆದವಳು ನಾನು. 2016ರಲ್ಲಿ, ಕಾರ್ಯದರ್ಶಿಯಾಗಿದ್ದಾಗ.

ಅಕ್ಟೋಬರ್ 13, ಸೋಮವಾರ

ರಜೆಯಾದರೂ ಲ್ಯಾಬಿಗೆ ಹೋದೆ, ಕೆಲಸ ಸಾಗಲಿಲ್ಲ. ಮೈತ್ರೇಯಿ ನೆನಪಾದಳು.

1993, ದಾವಣಗೆರೆ, ಪಿಯುಸಿ. ನನ್ನ ಬೆಂಚಿನಲ್ಲೇ ಕೂರುತ್ತಿದ್ದಳು. ಡಿಗ್ರಿ ಓದುವ ಹುಡುಗನೊಬ್ಬನ ಮೇಲೆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎಂಟು ಸಾಲು ಬರೆದಿದ್ದಳು. ಮೇಷ್ಟ್ರ ಕೈಗೆ ಸಿಕ್ಕಿತು. ಇಡೀ ಕ್ಲಾಸಿಗೆ ಓದಿದರು. ಅರ್ಥವನ್ನೂ ಬಿಡಿಸಿದರು, ಪಾಠದ ಪದ್ಯದ ಹಾಗೆ. ಎಲ್ಲರೂ ನಕ್ಕರು.

ನಾನೂ ನಕ್ಕೆ. ಅವಳ ಪಕ್ಕದಲ್ಲಿ ಕೂತು.

ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಯುಗಾದಿಯ ಹೊತ್ತಿಗೆ ಮದುವೆಯಾಗಿತ್ತು.

ಈ ಸಲ ಬಿಡುವುದಿಲ್ಲ. ದೇವರನ್ನೇ ಗಂಡನೆಂದು ಕರೆದು ಬೀದಿಯಲ್ಲಿ ಹಾಡಿದ ಹೆಂಗಸರ ಭಾಷೆ ನಮ್ಮದು. ಆ ಭಾಷೆಯ ಸಂಘ ಒಬ್ಬ ಹುಡುಗಿಯ ಹಾಡಿಗೆ ಹೆದರುತ್ತದೆಯೆ?

ಅಕ್ಟೋಬರ್ 18, ಶನಿವಾರ

ಸಾಹಿತ್ಯ ಬೇಕು ಎಂದೆ. ಅಪೂರ್ವ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ.

"ಅಮ್ಮಾ, ಯಮೆತೆ. ಬಿಡು ಪ್ಲೀಸ್. ಬೇರೆ ಏನೋ ಹಾಡ್ತೀನಿ."

"ಯಾಕೆ ಬೇರೆ? ಯಾರ ಹಾಡು ಇದು?"

"ಯಾರ್ದೋ. ಎವ್ರಿಬಡಿ ಸಿಂಗ್ಸ್ ಇಟ್."

"ಎಲ್ಲರೂ ಹಾಡೋದನ್ನ ನೀನ್ಯಾಕೆ ಹಾಡ್ಬಾರ್ದು? ಇದು ನಿನ್ನೊಬ್ಬಳ ಪ್ರಶ್ನೆ ಅಲ್ಲ ಪುಟ್ಟಾ."

ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಅಕ್ಟೋಬರ್ 19, ಭಾನುವಾರ. ಮಧ್ಯಾಹ್ನ 2.30

ಟ್ಯೂಷನ್‌ಗೆ ಹೋಗಿದ್ದಾಳೆ. ಹಾಳೆ ಕೀಬೋರ್ಡಿನ ಕೆಳಗಿತ್ತು, ಅವಳದೇ ಅಕ್ಷರ — ಎಲ್ಲಿಂದಲೋ ನಕಲು ಮಾಡಿಕೊಂಡಿರಬೇಕು. ಒಂದೇ ಕೂತಲ್ಲಿ ಕನ್ನಡಕ್ಕೆ ತಂದೆ. ಒಳ್ಳೆಯ ಹಾಡು. ಇಂಥ ಸಾಲನ್ನು ಕೊಂಬಿನಿಯಲ್ಲಿ ಕೇಳಿರಲಿಲ್ಲ:

ಊಟದ ಗಾಡಿ ಮೂರನೆಯ ಮಹಡಿಯಲ್ಲಿ ನಿನ್ನ ದಾಟುತ್ತದೆ
ಎರಡನೆಯ ಮಹಡಿಯಲ್ಲಿ ನನ್ನ ದಾಟುತ್ತದೆ
ನೀನು ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು, ಸೆಂಪಾಯ್
ಅಷ್ಟು ದೂರದಿಂದ ಕೇಳಿಸದು ಎಂದು ಗೊತ್ತಿದ್ದೂ

'ಬದುಕು ಬಡಿಸದೆ ಮುಂದೆ ಹೋಗುವ ಪ್ರತಿಮೆ, ತಿರಸ್ಕಾರದ ನೋವು' ಎಂದು ಟಿಪ್ಪಣಿ ಬರೆದೆ. ಕಮಿಟಿಗೆ ಮಾತ್ರ ಯಾಕೆ? ಸಂಘದ ವಾಟ್ಸಾಪ್ ಗ್ರೂಪಿಗೇ ಹಾಕಿದೆ. ನೂರ ಅರವತ್ತಮೂರು ಜನ. ಕೊನೆಗೆ: 'ಇದರಲ್ಲಿ ಅಶ್ಲೀಲ ಎಲ್ಲಿದೆ, ಬೆರಳಿಟ್ಟು ತೋರಿಸಿ.'

ಅದೇ ದಿನ, 4.10

ಯಾರೂ ಅಶ್ಲೀಲ ತೋರಿಸಲಿಲ್ಲ. ಚಂದ್ರಪ್ರಭಾ ಬರೆದರು. ಪಕ್ಕದ ಬೀದಿಯವರು, ಅದೇ ಶಾಲೆಯ ಮೂರನೆಯ ವರ್ಷದ ತೇಜಸ್ವಿಯ ತಾಯಿ.

'ವಸುಧಾ ಅವ್ರೇ, ಎಷ್ಟು ಚೆನ್ನಾಗಿದೆ!! ಥರ್ಡ್ ಫ್ಲೋರಲ್ಲಿ ಡಬ್ಬಿ ತಗೊಂಡ್ಹೋಗೋದು ನಮ್ ತೇಜಸ್ವಿ ಒಬ್ನೇ ಅಲ್ವಾ?'

ಕೆಳಗೆ ನಗುವ ಮುಖಗಳು. ಒಂದು, ಐದು, ಹನ್ನೊಂದು. ಮದುವೆ ಊಟ ಯಾವಾಗ ಎಂದು ಯಾರೋ.

ಇಡೀ ಶಾಲೆಯಲ್ಲಿ ಡಬ್ಬಿ ಒಯ್ಯುವವರು ಇಬ್ಬರೇ. ಅದರಲ್ಲಿ ಒಂದನ್ನು ದಿನಾ ಬೆಳಿಗ್ಗೆ ಆರಕ್ಕೆ ಕಟ್ಟುವವಳು ನಾನು. ಎರಡು ಸಲ ಓದಿದೆ, ಒಂದು ಸಲ ಬರೆದೆ. ಕಾಣಲಿಲ್ಲ. ಉಮಾಶಂಕರ್ ಮುಖ ಮಾತ್ರ ಕಾಣುತ್ತಿತ್ತು.

ಹಾಡು ಯಾರದೋ ಅಲ್ಲ. ಅವಳದು.

ಅಳಿಸಿದೆ. ನೂರ ನಲವತ್ತು ಜನ ಓದಿಯಾಗಿತ್ತು.

ಅಕ್ಟೋಬರ್ 21, ಮಂಗಳವಾರ

ಡಬ್ಬಿ ತುಂಬಿದಂತೆಯೇ ವಾಪಸು. ಕೋಣೆಯ ಬಾಗಿಲಿಗೆ ಒಳಗಿನಿಂದ ಕುರ್ಚಿ ಅಡ್ಡ ಇಟ್ಟಿದ್ದಾಳೆ. ಹೊರಗೆ ನಿಂತು ಸಾರಿ ಎಂದೆ. ಕನ್ನಡದಲ್ಲಿ, ಜಪಾನಿಯಲ್ಲಿ.

ಅವಳ ಅಪ್ಪ ಹರಿಪ್ರಸಾದ ಟೋಕಿಯೋ ಮಿನಾಟೋದ ಆಫೀಸಿನಿಂದ ಬಂದು, ಟೈ ಬಿಚ್ಚುತ್ತ ಅಂದರು, "ಊರಿಗೆಲ್ಲ ಕಾಗದ ಬರೀತೀಯ. ಅವಳನ್ನ ಒಂದ್ಮಾತು ಕೇಳೋದಲ್ವೇನೆ?"

ಅರ್ಥವನ್ನೂ ಬಿಡಿಸಿದೆ. ಪಾಠದ ಪದ್ಯದ ಹಾಗೆ.

ನವೆಂಬರ್ 3, ಸೋಮವಾರ. ರಜೆ

ಹನ್ನೆರಡು ದಿನ ಏನೂ ಬರೆಯಲಿಲ್ಲ.

ಉಮಾಶಂಕರ್ ಫೋನು. ಕೈಯಲ್ಲಿ ಹಿಟ್ಟಿತ್ತು, ಸ್ಪೀಕರ್ ಹಾಕಿದ್ದೆ. "ಮೇಡಂ, ವಿಷ್ಯ ಎಲ್ಲಾರ್ಗೂ ಗೊತ್ತಾಗ್ಬಿಟ್ಟಿದೆ. ಇಬ್ರು ಮಕ್ಳಿಗೂ ಮುಜುಗರ. ಹೆಸರು ವಾಪಸ್ ತಗೊಂಡ್ಬಿಡಿ, ಸೈಲೆಂಟಾಗಿ."

ಬಾಯಿ ತೆರೆದೆ. ಹೌದು ಅಂದುಬಿಡುತ್ತಿದ್ದೆನೋ ಏನೋ.

ಹಿಂದಿನಿಂದ ಬಂದು ಫೋನ್ ಎತ್ತಿಕೊಂಡಳು.

"ಅಂಕಲ್, ಸುಮಿಮಾಸೆನ್, ಸಾರಿ, ಅಪೂರ್ವ ಹಿಯರ್. ರೂಲ್ಸ್ ಪ್ರಕಾರ ಮೀನಿಂಗ್ ಕೊಟ್ಟಾಗಿದೆಯಲ್ಲ?"

"ಕೊಟ್ಟಿದಾರಮ್ಮ, ಆದ್ರೆ..."

"ದೆನ್ ಐ ಆಮ್ ಸಿಂಗಿಂಗ್. ಆ್ಯಂಡ್ ಪ್ರೋಗ್ರಾಮ್ ಶೀಟಲ್ಲಿ ಬರೆದೋರ ಹೆಸರು ಹಾಕಿ. ನಂದು."

ಫೋನ್ ಇಟ್ಟಳು. ನನ್ನ ಕಡೆ ತಿರುಗಿದಳು.

"ನೀನು ಯಾರಿಗೂ ಏನೂ ಹೇಳ್ಬೇಡ. ಲೆಟರ್ ಬೇಡ. ಗ್ರೂಪ್ ಬೇಡ."

"ಆಯ್ತು."

"ಆಮೇಲೆ ನಿನ್ನ ಮೀನಿಂಗ್ ರಾಂಗ್. ನೋವು ಅಂತೆ! ಫಸ್ಟ್ ಇಯರಲ್ಲಿ ಗಾಡಿ ನನ್ನೊಬ್ಬಳನ್ನೇ ದಾಟಿ ಹೋಗುತ್ತೆ ಅನ್ಕೊಂಡಿದ್ದೆ. ದಿನಾ ಅಳು ಬರ್ತಿತ್ತು. ಆಮೇಲೆ ಮೇಲ್ಗಡೆನೂ ಒಬ್ರನ್ನ ದಾಟುತ್ತೆ ಅಂತ ಗೊತ್ತಾಯ್ತು. ಇಟ್ಸ್ ಎ ಹ್ಯಾಪಿ ಸಾಂಗ್, ಅಮ್ಮಾ."

ನಾಲ್ಕು ಪತ್ರ ಬರೆದು ಗೆದ್ದೆ ಎಂದುಕೊಂಡಿದ್ದೆ. ಅವಳು ಅಳುತ್ತಿದ್ದದ್ದು ನನ್ನ ಯಾವ ಪ್ರತಿಯಲ್ಲೂ ಇಲ್ಲ.

ನವೆಂಬರ್ 16, ಭಾನುವಾರ. ಮಧ್ಯಾಹ್ನ 3.40, ಸಭಾಂಗಣ

ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಹನ್ನೊಂದನೆಯದು: 'ರಚನೆ, ಸಂಗೀತ, ಗಾಯನ — ಅಪೂರ್ವ.' ಹಾಕಿದ್ದಾರೆ. ಹಾಕಲೇಬೇಕಿತ್ತು.

ಎರಡನೆಯ ಸಾಲಿನಲ್ಲಿ ಚಂದ್ರಪ್ರಭಾ, ಫೋನ್ ಎತ್ತಿ ಹಿಡಿದು. ಪಕ್ಕದಲ್ಲಿ ತೇಜಸ್ವಿ. ಕಿವಿ ಕೆಂಪು. ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದಾನೆ.

ಹೆಸರು ಕರೆದರು. ಹೋದಳು. ಮೈಕ್ ಎತ್ತರ ತಾನೇ ಸರಿಮಾಡಿಕೊಂಡಳು. "ಈ ಹಾಡು ನಾನೇ ಬರ್ದಿದ್ದು," ಅಂದಳು, ಕನ್ನಡದಲ್ಲಿ, ನಿಧಾನವಾಗಿ, ಒಂದೊಂದೇ ಪದ. "ಅರ್ಥ ನಾನೇ ಹೇಳ್ತೀನಿ."

ಹಿಂದಿನಿಂದ ಯಾರೋ ನಕ್ಕರು. ಇನ್ನೊಬ್ಬರು. ನಗು ಸಾಲಿನಿಂದ ಸಾಲಿಗೆ ಬರುತ್ತಿದೆ, ನನ್ನ ಪಕ್ಕದ ಕುರ್ಚಿಯವರೆಗೂ.

ಮಾತಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಎದ್ದು ನಿಲ್ಲುವುದಿಲ್ಲ ಎಂದು ಕೊಟ್ಟಿಲ್ಲ. ಅವಳು ಇತ್ತ ನೋಡಿದರೆ, ನಗದ ಒಂದು ಮುಖ ಕಾಣಬೇಕು. ಪೆನ್ನು ಇಟ್ಟು ನಾನು