ಬೀಗ ಹಾಕಿದ ಕೋಣೆಯಿಂದ ಫೋನು

ಚಿಕ್ಕಮ್ಮಾ,

ಕಚೇರಿಗೆ ಬರುವ ಫೋನುಗಳನ್ನು ಆಯಾ ಕೋಣೆಗೆ ಜೋಡಿಸುವ ಕೆಲಸ ಸಿಕ್ಕಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದಾಗ ಮಹಡಿಯ ಟೈಪಿಂಗ್ ಕೋಣೆಯಿಂದ ಹೆಂಗಸೊಬ್ಬಳು, “ನಂಗೆ ಯಾರಾದ್ರೂ ಫೋನ್ ಮಾಡಿದ್ರಾ?” ಎಂದು ದಿನಾ ಫೋನಿನಲ್ಲಿ ಕೇಳುತ್ತಾಳೆ.

ಜವಾನನನ್ನು ವಿಚಾರಿಸಿದೆ. “ಟೈಪಿಸ್ಟಮ್ಮ ತೀರಿಕೊಂಡ್ಮೇಲೆ ಆ ಕೋಣೆಗೆ ಬೀಗ ಹಾಕಿದ್ದಾರೆ ಮೇಡಂ. ಅಲ್ಲಿ ಫೋನೇ ಇಲ್ಲ” ಎಂದ.

ನಿನ್ನೆ ಅದೇ ದನಿ ಕೇಳಿ ಪಾಪ ಎನಿಸಿತು. “ಹೂಂ ಅಕ್ಕಾ, ಮನೆಯಿಂದ ಮಾಡಿದ್ರು” ಎಂದು ಸುಳ್ಳು ಹೇಳಿಬಿಟ್ಟೆ.

“ಹಾಗಾದ್ರೆ ಲೈನ್ ಕೊಡಮ್ಮ” ಎಂದಳು.

ಬೇರೆ ದಾರಿ ಕಾಣದೆ ದನಿ ಬದಲಿಸಿ ನಾನೇ, “ಊಟ ಆಯ್ತಾ?” ಎಂದೆ. ಅವಳು ಬಿಕ್ಕಿ ಬಿಕ್ಕಿ ಅತ್ತು, “ನಾಳೆನೂ ಮಾಡ್ತೀಯಾ?” ಎಂದಳು. ಹೂಂ ಎಂದೆ.

ನನ್ನ ಕೆಮ್ಮು ವಾಸಿಯಾಗಿದೆ. ಅಮ್ಮನಿಗೆ ಇದನ್ನು ಓದಿ ಹೇಳಬೇಡ. ಊಟದ ಹೊತ್ತಾಯಿತು, ಫೋನಿನ ಮುಂದೆ ಕೂರಬೇಕು. ಮಹಡಿಯ ಅಕ್ಕ ಕಾದಿರುತ್ತಾಳೆ.

ನಿನ್ನ ಮಗಳು